ಮಾಸ್ಟ್ರ ಕೋಟಿನ ಎಣ್ಣೆ ಕಲೆ

ಕಂತು ಒಂಬತ್ತು

"ಮೂಸಿ ನೋಡಿ ಧನಿಗಳೇ."

ಮಡಿವಾಳರ ದೇಯಿ ಬಿಳಿ ಕೋಟೊಂದನ್ನು ನನ್ನ ಮೂಗಿಗೇ ಹಿಡಿದಳು. ಬೆಳಿಗ್ಗೆ ಒಂಬತ್ತೂವರೆ. ಬಂದರು ಠಾಣೆಯಲ್ಲಿ ನನಗೆ ಇನ್ನೂ ಒಂದು ಲೋಟ ಚಹಾ ಸಿಕ್ಕಿರಲಿಲ್ಲ, ಕಾಲುಚೀಲ ಹಿಂಡಿದರೆ ನೀರು ಬರುವಂತಿತ್ತು.

"ಒದ್ದೆ ಬಟ್ಟೆಯ ವಾಸನೆ," ಎಂದೆ.

"ಅಷ್ಟೇಯಾ? ಪುನಃ ಮೂಸಿ."

ಇಪ್ಪತ್ತಾರು ವರ್ಷದ ಪೊಲೀಸು ಚಾಕರಿಯಲ್ಲಿ ನಾನು ಮೂಸಬಾರದ್ದನ್ನೆಲ್ಲ ಮೂಸಿದ್ದೇನೆ. ಇದೊಂದು ಯಾವ ದೊಡ್ಡದು ಎಂದುಕೊಂಡು ಮತ್ತೆ ಉಸಿರೆಳೆದೆ. ಮಣ್ಣಿನ ವಾಸನೆ, ಸೋಡದ ವಾಸನೆ, ಅದರ ಕೆಳಗೆ ಇನ್ನೊಂದು. ಹತ್ತು ದಿನದಿಂದ ನನ್ನ ಗಂಟಲಲ್ಲೇ ಕೂತಿದ್ದ ವಾಸನೆ ಅದು.

"ಬೂತಾಯಿ ಮೀನಿನ ಎಣ್ಣೆ," ಎಂದೆ.

"ಹಾಂ. ಈಗ ಹೇಳಿ, ಮಾಸ್ಟ್ರ ಕೋಟಿಗೆ ಬೂತಾಯಿ ಎಣ್ಣೆ ಎಲ್ಲಿಂದ ಬಂತು?"

ಇಷ್ಟು ಹೇಳಿ ಅವಳು ಬೆಂಚಿನ ಮೇಲೆ ಅಲ್ಲ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಅವಳು ಆಡಿದ್ದೆಲ್ಲ ತುಳುವಿನಲ್ಲಿ. ಬರೆಯುವ ನನಗೆ ಕನ್ನಡವೇ ಅಭ್ಯಾಸ, ಹಾಗಾಗಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಅಹ್ಮದ್ ಬಾವರ ಮೀನೆಣ್ಣೆ ಗೋದಾಮಿನಲ್ಲಿ ಗುಮಾಸ್ತ ವಿಲ್ಲಿ ತಲೆ ಒಡೆಸಿಕೊಂಡು ಸತ್ತು ಹತ್ತು ದಿನವಾಗಿತ್ತು. ದೇಯಿಯ ಒಬ್ಬನೇ ಮಗ, ಗೋದಾಮಿನ ಹಮಾಲಿ ಬೋಜ, ಒಂಬತ್ತು ದಿನದಿಂದ ಸಬ್‌ಜೈಲಿನಲ್ಲಿದ್ದ. ಮರುದಿನ ಹನ್ನೊಂದು ಗಂಟೆಗೆ ಮ್ಯಾಜಿಸ್ಟ್ರೇಟರ ಎದುರು ವಿಚಾರಣೆ. ಅಲ್ಲಿಂದ ಸೆಷನ್ಸ್ ಕೋರ್ಟು, ಅಲ್ಲಿಂದ ಹಗ್ಗ. ನಡುವೆ ಯಾವ ನಿಲ್ದಾಣವೂ ನನಗೆ ಕಾಣುತ್ತಿರಲಿಲ್ಲ.

ಬೋಜನನ್ನು ಹಗ್ಗದ ಹತ್ತಿರ ತಂದದ್ದು ಒಬ್ಬರ ಸಾಕ್ಷಿ. ಉರ್ವದ ಆಂಬ್ರೋಸ್ ಮಾಸ್ಟ್ರು. ಊರಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಸುಳ್ಳು ಹೇಳಿದ್ದನ್ನು ಯಾರೂ ಕೇಳಿಲ್ಲ. ಸೋಮವಾರ ಸಂಜೆ ಆರು ಗಂಟೆಗೆ ಮಳೆಗೆಂದು ಎದುರು ಅಂಗಡಿಯ ಮಾಡಿನಡಿ ನಿಂತಿದ್ದರಂತೆ. ಗೋಣಿ ಕೊಪ್ಪೆ ಹಾಕಿಕೊಂಡ ಬೋಜ ಗೋದಾಮಿನಿಂದ ಓಡಿಹೋದನಂತೆ. ಮುಖ ಅರ್ಧ ಕಂಡಿತು, ನಡಿಗೆ ಅವನದೇ. ತಾನು ಮಾತ್ರ ರಸ್ತೆ ದಾಟಲಿಲ್ಲ, ಗೋದಾಮಿನ ಒಳಗೆ ಕಾಲಿಡಲಿಲ್ಲ. ಹೀಗೆಂದು ಬರೆಸಿ ಸಹಿ ಹಾಕಿದ್ದರು.

ನನ್ನನ್ನು ಕಾಡುತ್ತಿದ್ದದ್ದು ಒಂದೇ ಸಂಗತಿ. ವಿಲ್ಲಿ ಬೀಳುವಾಗ ಎಣ್ಣೆಯ ದೊಡ್ಡ ಭರಣಿ ಒಡೆದು, ಗೋಡೆಯ ಮೇಲೆ ಆಳೆತ್ತರಕ್ಕೆ ಎಣ್ಣೆ ಸಿಡಿದಿತ್ತು. ಹೊಡೆದವನ ಎದೆಗೂ ಬಲಗೈಗೂ ಅದು ಸಿಡಿಯಲೇಬೇಕು. ಬೋಜನ ಅಂಗಿಯಲ್ಲಿ ಭುಜಕ್ಕೆ ಎಣ್ಣೆ ಇತ್ತು, ಮುಂಡಿನ ಅಂಚಿಗೆ ಇತ್ತು. ಅದು ಯಾವ ಹಮಾಲಿಗೂ ಇರುವಂಥದ್ದೇ. ಎದೆ ಮಾತ್ರ ಸ್ವಚ್ಛ. ಇದನ್ನು ಮೇಲಿನವರಿಗೆ ಹೇಳಿದೆ. "ಮೋಹನದಾಸ್, ನಿನಗೆ ವಯಸ್ಸಾಯಿತು," ಎಂದರು. ವಯಸ್ಸಾದದ್ದು ಸುಳ್ಳೇನಲ್ಲ.

ಕೋಟನ್ನು ಮೇಜಿನ ಮೇಲೆ ಹರಡಿದೆ. ಬಿಳಿ ಡ್ರಿಲ್ ಬಟ್ಟೆ. ಎದೆಯ ಬಲಭಾಗದಲ್ಲಿ ಅಂಗೈ ಅಗಲದ ಕಲೆ, ಬಲತೋಳಿನ ಮೇಲೆ ಬೆರಳಿನಷ್ಟರ ಮೂರು. ಬಣ್ಣ ಹಳೆಯ ಜೇನಿನದು. ಮುಟ್ಟಿದರೆ ಬಟ್ಟೆ ಅಲ್ಲಿ ಒಣಗಿದ ಹಪ್ಪಳದಂತೆ ಬಿರುಸಾಗಿತ್ತು.

"ನಿನಗೆ ಹೇಗೆ ಬಂತು ಇದು?"

"ಮೊನ್ನೆ ಶನಿವಾರ ಎಸ್ತೆರ್ ಬಾಯಮ್ಮ ಕೊಟ್ಟರು. ಮಾಸ್ಟ್ರ ತಂಗಿ. 'ತಲೆಗೆ ಹಾಕುವ ಎಣ್ಣೆ ತಾಗಿದೆ ದೇಯಿ, ತೆಗೆದು ಕೊಡು' ಎಂದರು. ತೆಂಗಿನೆಣ್ಣೆಯಲ್ಲವಾ, ಅದಕ್ಕೇನಂತೆ ಎಂದು ತಂದೆ."

"ಆಮೇಲೆ?"

"ಮೊದಲು ಚೌಳು ಮಣ್ಣು ಹಾಕಿ ಒಂದು ದಿನ ಬಿಟ್ಟೆ. ಹೊಸ ಎಣ್ಣೆಯಾದರೆ ಮಣ್ಣು ಕುಡಿಯುತ್ತದೆ. ಇದು ಕೊಡಲಿಲ್ಲ. ಅಂಟುವಾಳದ ನೊರೆಯಲ್ಲಿ ನೆನೆ ಹಾಕಿದೆ. ತೆಂಗಿನೆಣ್ಣೆ ಎಷ್ಟು ಹಳತಾದರೂ ಅದರಲ್ಲಿ ಸಡಿಲ ಬಿಡಲೇಬೇಕು. ಬಿಡಲಿಲ್ಲ. ಚಿಮಿಣಿ ಎಣ್ಣೆ ತಂದು ಉಜ್ಜಿದೆ. ಅಂಚು ಸ್ವಲ್ಪ ಮೆತ್ತಗಾಯಿತು, ನಡುಭಾಗ ಹಾಗೇ. ನಿನ್ನೆ ಉಬ್ಬೆಗೆ ಹಾಕಿದೆ. ಹಬೆ ಏರಿತು ನೋಡಿ, ಇಡೀ ಕೊಟ್ಟಿಗೆ ಬೂತಾಯಿ ನಾರಲಿಕ್ಕೆ ಸುರುವಾಯಿತು. ನನ್ನ ಕೈಕಾಲು ತಣ್ಣಗಾಯಿತು ಧನಿಗಳೇ."

ಉಬ್ಬೆ ಎಂದರೆ ಗೊತ್ತಲ್ಲ, ಮಡಿವಾಳರು ಬಟ್ಟೆಯನ್ನು ಹಬೆಯಲ್ಲಿ ಬೇಯಿಸುವ ದೊಡ್ಡ ಹಂಡೆ. ಅಡಗಿದ ವಾಸನೆಯನ್ನೆಲ್ಲ ಅದು ಹೊರಗೆ ಎಳೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕಾಲೇಜು ಓದಿದ ಡಾಕ್ಟರರು ಹತ್ತು ದಿನದಲ್ಲಿ ಹೇಳದ್ದನ್ನು ಇವಳು ಒಂದು ಬೆಳಿಗ್ಗೆ ಹೇಳುತ್ತಿದ್ದಳು.

"ಇನ್ನೊಂದು ಉಂಟು. ಇಲ್ಲಿ ನೋಡಿ." ಅವಳ ಬೆರಳು ಕಲೆಯ ಒಂದು ಬದಿಗೆ ಹೋಯಿತು. ಅಲ್ಲಿ ಜೇನಿನ ಬಣ್ಣ ಇನ್ನಷ್ಟು ಕಂದಿ, ಚೂಪು ಮೂಲೆಯಾಗಿ ನಿಂತಿತ್ತು. "ಇಸ್ತ್ರಿ ಪೆಟ್ಟಿಗೆಯ ಮೂತಿ. ಎಣ್ಣೆ ಬಿದ್ದಾಗ ಕೋಟು ಮಳೆಗೆ ಒದ್ದೆ ಇತ್ತು. ಒದ್ದೆ ಬಟ್ಟೆಯಲ್ಲಿ ಎಣ್ಣೆ ಕಾಣುವುದಿಲ್ಲ, ಎರಡೂ ಒಂದೇ ಹಾಗೆ. ಈ ಆಟಿ ತಿಂಗಳ ಮಳೆಯಲ್ಲಿ ಬಿಸಿಲು ಎಲ್ಲಿ? ಪೆಟ್ಟಿಗೆಗೆ ತೆಂಗಿನ ಗೆರಟೆಯ ಕೆಂಡ ತುಂಬಿ ಹಾಗೇ ಒತ್ತಿ ಒಣಗಿಸಿದ್ದಾರೆ. ನೀರು ಹೋಯಿತು, ಎಣ್ಣೆ ಬೆಂದು ನೂಲಿಗೆ ಕೂತಿತು. ದೋಣಿಗೆ ಇದೇ ಎಣ್ಣೆ ಬಳಿಯುತ್ತಾರಲ್ಲ, ಅದೇ ಹಾಗೆ. ಎರಡು ದಿನ ಕಳೆದ ಮೇಲೆ ಹಳದಿ ಎದ್ದದ್ದು. ಇನ್ನು ಆ ಬ್ರಹ್ಮ ಬಂದರೂ ಹೋಗುವುದಿಲ್ಲ."

"ಯಾರು ಒತ್ತಿರಬಹುದು?"

"ಕೆಲಸ ಗೊತ್ತಿದ್ದ ಕೈ ಅಲ್ಲ. ಒಗೆಯದ ಬಟ್ಟೆಗೆ ನಾವು ಪೆಟ್ಟಿಗೆ ಮುಟ್ಟಿಸುವುದಿಲ್ಲ. ಆ ಸೋಮವಾರದ ಕೋಟು ಯಾವನ ಮೈಮೇಲೆ ಇತ್ತೋ, ಅವನ ಮನೆಯಲ್ಲೇ ಯಾರೋ ಅವಸರದಲ್ಲಿ ಒತ್ತಿದ್ದಾರೆ."

"ಆ ಸೋಮವಾರ ಕೋಟು ನಿನ್ನ ಹತ್ತಿರ ಇರಲಿಲ್ಲವಾ?"

"ನಾನು ಊರಲ್ಲೇ ಇಲ್ಲ! ಚಳಿಜ್ವರ ಬಂದು ಕೊಟ್ಟಾರದಲ್ಲಿ ಅಕ್ಕನ ಮನೆಯಲ್ಲಿ ಬಿದ್ದಿದ್ದೆ, ಒಂದು ವಾರ. ಯಾರ ಮನೆಯ ಬಟ್ಟೆಯನ್ನೂ ತರಲಿಲ್ಲ. ಬುಧವಾರ ಕುದ್ರೋಳಿಗೆ ಬಂದು ನೋಡಿದರೆ ಬೀಗ ಹಾಕಿದ ಮನೆ, ಬೋಜನನ್ನು ನೀವು ಕೊಂಡುಹೋಗಿ ಆಗಿತ್ತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ಮಗ ಅಲ್ಲ ಧನಿಗಳೇ. ನಾನು ಹೇಳಿದ್ದು ಬೇಡ. ಈ ಕೋಟು ಹೇಳುತ್ತದೆ."

ದಫೇದಾರ ಬೂಬ ನನ್ನನ್ನು ಬಾಗಿಲ ಹೊರಗೆ ಕರೆದ.

"ಸಾರ್, ಹೆತ್ತ ತಾಯಿ. ಬಂದರಿನಲ್ಲಿ ಒಂದು ಕುಡ್ತೆ ಬೂತಾಯಿ ಎಣ್ಣೆ ತಂದು ಅವಳೇ ಹಚ್ಚಿರಬಹುದು. ಕೋರ್ಟಿನಲ್ಲಿ ನಗಾಡ್ತಾರೆ."

"ಹಚ್ಚಬಹುದು ಮಾರಾಯ. ಕಲೆ ಅವಳ ಕೈಗೆ ಬರುವ ಮೊದಲೇ ಇತ್ತು ಎಂದು ಎಸ್ತೆರ್ ಬಾಯಿ ಹೇಳಿದರೆ?"

ಬೂಬ ಕೊಡೆ ಬಿಡಿಸಿದ. ಅವನ ಉತ್ತರಗಳೆಲ್ಲ ಹೀಗೆಯೇ.

ಉರ್ವಕ್ಕೆ ನಡೆದೇ ಹೋದೆವು. ಜಟಕಾದವರಿಗೆ ಆ ಮಳೆಯಲ್ಲಿ ಕುದುರೆ ಹೂಡುವ ಮನಸ್ಸಿರಲಿಲ್ಲ, ಅವರ ಜೊತೆ ಜಗಳಾಡುವ ಶಕ್ತಿ ನನಗಿರಲಿಲ್ಲ. ದೇಯಿ ಬರಬೇಡ ಎಂದರೂ ಬಂದಳು. ಕೋಟನ್ನು ಬಾಳೆಲೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ದಾರಿಯುದ್ದಕ್ಕೂ ಅವಳ ಹೆಜ್ಜೆ ನನ್ನದಕ್ಕಿಂತ ಮುಂದೆ. ಜ್ವರದಿಂದ ಎದ್ದವಳು ಹೀಗೆ ನಡೆಯುವುದು ಕಂಡು ನನಗೆ ನಾಚಿಕೆಯಾಯಿತು, ಹಾಗೆಂದು ನನ್ನ ಮೊಣಕಾಲಿಗೆ ನಾಚಿಕೆ ಎಲ್ಲಿಯದು.

ಆಂಬ್ರೋಸ್ ಮಾಸ್ಟ್ರು ಜಗಲಿಯಲ್ಲಿ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದರು. ಐವತ್ತರ ಹತ್ತಿರದ ಸಣಕಲು ಮನುಷ್ಯ, ಕನ್ನಡಕದ ಒಂದು ಕಡ್ಡಿಗೆ ನೂಲು ಕಟ್ಟಿದ್ದರು. ದೇಯಿಯನ್ನು ಕಂಡದ್ದೇ ಅವರ ಮುಖ ಬಿಗಿಯಿತು. ಅವಳು ಒಳಗೆ ಬರಲಿಲ್ಲ, ಮೆಟ್ಟಿಲ ಕೆಳಗೆ ಮಾಡಿನ ಹನಿಯಲ್ಲಿ ನಿಂತಳು.

"ಮಾಸ್ಟ್ರೇ, ಈ ಕೋಟು ನಿಮ್ಮದೇ?"

ಅವರು ಕಾಲರು ತಿರುವಿ ಮಡಿವಾಳರ ಗುರುತು ನೋಡಿದರು. ಒಂದು ಗೆರೆ, ಎರಡು ಚುಕ್ಕೆ.

"ನನ್ನದೇ. ಕಲೆ ಹೋಗಲಿಲ್ಲವಾ?"

"ಹೋಗಲಿಲ್ಲ. ಎಂತದರ ಕಲೆ ಇದು?"

"ತಲೆಗೆ ಹಾಕುವ ಎಣ್ಣೆ ಎಂದು ಎಸ್ತೆರ್ ಹೇಳಿದಳು."

"ತಲೆಗೆ ಬೂತಾಯಿ ಎಣ್ಣೆ ಹಾಕಿಕೊಳ್ಳುವವರನ್ನು ನಾನು ಇಲ್ಲಿಯವರೆಗೆ ಕಂಡಿಲ್ಲ."

ಮಾಸ್ಟ್ರ ಕೈಯಲ್ಲಿದ್ದ ಕೆಂಪು ಪೆನ್ಸಿಲು ಪುಸ್ತಕದ ಮೇಲೆ ನಿಂತಿತು.

"ಎಂತ ಹೇಳ್ತಾ ಇದ್ದೀರಿ ಮೋಹನದಾಸರೇ?"

"ಎದೆಗೆ, ಬಲತೋಳಿಗೆ ಮೀನೆಣ್ಣೆ ಸಿಡಿದಿದೆ. ವಿಲ್ಲಿಯ ಹತ್ತಿರ ನಿಂತವನ ಮೈಗೆ ಹೇಗೆ ಸಿಡಿಯಬೇಕೋ ಹಾಗೆ. ನೀವು ರಸ್ತೆ ದಾಟಲಿಲ್ಲ ಎಂದು ಬರೆಸಿದ್ದೀರಿ."

"ದಾಟಲಿಲ್ಲ."

"ಮತ್ತೆ ಕೋಟು ತಾನೇ ನಡೆದುಕೊಂಡು ಹೋಯಿತಾ?"

ಅವರು ಎದ್ದು ನಿಂತರು. ನೂಲು ಕಟ್ಟಿದ ಕನ್ನಡಕ ಜಾರಿತು. "ನಾನು ಮೂವತ್ತು ವರ್ಷ ಪಾಠ ಹೇಳಿದವ. ನನ್ನನ್ನು ಕೊಲೆಗಾರ ಎನ್ನಲಿಕ್ಕೆ ಬಂದದ್ದಾ ನೀವು? ಆ ದಿನ ನಾನು ಹಾಕಿದ್ದು ಕಪ್ಪು ಕೋಟು."

"ನೋಡಿದವರು ಯಾರು?"

"ಆ ಮಳೆಯಲ್ಲಿ ಯಾರು ಯಾರ ಕೋಟು ನೋಡ್ತಾರೆ?"

"ನೀವು ನೋಡಿದಿರಲ್ಲ! ಆ ಮಳೆಯಲ್ಲೇ, ರಸ್ತೆಯ ಈ ಬದಿಯಿಂದ, ಗೋಣಿ ಕೊಪ್ಪೆಯೊಳಗಿನ ಅರ್ಧ ಮುಖ."

ಮಾಸ್ಟ್ರು ಜಾರಿದ ಕನ್ನಡಕವನ್ನು ಎರಡೆರಡು ಸಲ ಸರಿಪಡಿಸಿಕೊಂಡರು. ನನ್ನ ದಣಿದ ಜೀವಕ್ಕೆ ಆ ಕ್ಷಣ ಸ್ವಲ್ಪ ಚುರುಕು ಬಂತು ಎಂದು ಒಪ್ಪಿಕೊಳ್ಳುತ್ತೇನೆ. ಪ್ರಾಮಾಣಿಕನೊಬ್ಬ ತಡವರಿಸುವಾಗ ಪೊಲೀಸಿನವನಿಗೆ ಒಂದು ಕೆಟ್ಟ ಸಂತೋಷವಾಗುತ್ತದೆ.

"ಸೋಮವಾರ ಈ ಕೋಟು ಎಲ್ಲಿತ್ತು?"

"ನನಗೆ ಗೊತ್ತಿಲ್ಲ. ಬಟ್ಟೆಬರೆಯೆಲ್ಲ ಎಸ್ತೆರ್ ನೋಡಿಕೊಳ್ಳುವುದು."

"ಪೊರ್ಬುಗಳೇ." ಮೆಟ್ಟಿಲ ಕೆಳಗಿಂದ ದೇಯಿ, ತುಳುವರು ಕ್ರಿಸ್ತಾನ ಧನಿಗಳನ್ನು ಕರೆಯುವ ಹಾಗೆ ಮಾಸ್ಟ್ರನ್ನು ಕರೆದು, ಮಾತಾಡಿದಳು. ಸ್ವರ ಏರಿಸಲಿಲ್ಲ. "ಚಿಕ್ಕವನಿರುವಾಗ ಬೋಜ ನಿಮ್ಮ ಶಾಲೆಗೇ ಬಂದವ. ನಿಮ್ಮ ಬಟ್ಟೆಯ ಗಂಟು ಹೊತ್ತುಕೊಂಡು ನನ್ನ ಹಿಂದೆ ಬರುತ್ತಿದ್ದ. ನಾಳೆ ನಿಮ್ಮ ಬಾಯಿಂದ ಅವನು ಸಾಯ್ತಾನೆ. ನಿಜ ಹೇಳಿ. ನಿಮ್ಮ ಕಾಲಿಗೆ ಬೀಳ್ತೇನೆ."

"ನಾನು ಕಂಡದ್ದನ್ನು ಹೇಳಿದ್ದೇನೆ ದೇಯಿ," ಎಂದರು ಮಾಸ್ಟ್ರು. "ಹೇಳದೆ ಇದ್ದಿದ್ದರೆ ನನಗೆ ನಿದ್ದೆ ಬರುತ್ತಿತ್ತು ಎಂದು ಮಾಡಿದ್ದೀಯಾ?"

ಅಷ್ಟರಲ್ಲಿ ಎಸ್ತೆರ್ ಬಾಯಿ ಒಳಗಿಂದ ಕಾಫಿ ತಂದರು. ಅಣ್ಣನಿಗಿಂತ ಹತ್ತು ವರ್ಷ ಚಿಕ್ಕವರು, ಮಾತಿನಲ್ಲಿ ಮೆದು, ಯಾರಿಗೂ ಕೆಟ್ಟದ್ದು ಬಯಸುವವರಲ್ಲ. ಒಂದು ಲೋಟ ದೇಯಿಗೂ ಇತ್ತು.

"ಅಯ್ಯೋ, ಮಳೆಯಲ್ಲಿ ಯಾಕೆ ನಿಂತದ್ದು ದೇಯಿ? ಈಗಷ್ಟೇ ಜ್ವರ ಬಿಟ್ಟದ್ದಲ್ಲವಾ? ಮೇಲೆ ಬಾ." ಆಮೇಲೆ ಕೋಟು ಕಂಡರು. "ಇದಕ್ಕಾ ಇಷ್ಟು ಗಲಾಟೆ? ಹೋಗದಿದ್ದರೆ ಬೇಡ, ಬಿಡಿ."

"ಬಾಯಿ, ನಿಮ್ಮನ್ನು ಒಂದೇ ಕೇಳುವುದು. ನೀವು ಮೊನ್ನೆ ಶನಿವಾರ ದೇಯಿಗೆ ಕೊಡುವಾಗ ಕಲೆ ಇತ್ತಾ?"

"ಇತ್ತು. ಪಾಪ, ವಿಲ್ಲಿಯ ಮರಣದ ಪೂಜೆಗೆ ಹೋಗುವಾಗ ಬಟ್ಟೆ ಪೆಟ್ಟಿಗೆಯಿಂದ ತೆಗೆದೆ, ಎದೆಯಲ್ಲೆಲ್ಲ ಹಳದಿ. ತಲೆಎಣ್ಣೆಯ ಬಾಟ್ಲಿ ಪೆಟ್ಟಿಗೆಯಲ್ಲಿ ಮಗುಚಿರಬೇಕು ಎಂದುಕೊಂಡೆ."

ನಾನು ಬೂಬನ ಕಡೆ ನೋಡಿದೆ. ಕೇಳಿಸಿತಾ ಎಂಬಂತೆ. ಕಲೆ ದೇಯಿ ಹಚ್ಚಿದ್ದಲ್ಲ. ಇಷ್ಟಕ್ಕೇ ನಿಲ್ಲಿಸಿ ಕಾಫಿ ಕುಡಿದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ನಮ್ಮ ಕಸುಬು ಕೇಳುವುದು. ಕೇಳಿದೆ.

"ವಿಲ್ಲಿ ಸತ್ತ ಸೋಮವಾರ ನಿಮ್ಮ ಅಣ್ಣ ಇದನ್ನು ಹಾಕಿದ್ದರಾ?"

"ಇದನ್ನಾ? ಹೇಗೆ ಹಾಕುವುದು ಇನ್‌ಸ್ಪೆಕ್ಟರೇ? ಆ ಸೋಮವಾರ ಈ ಕೋಟು ಮನೆಯಲ್ಲೇ ಇರಲಿಲ್ಲವಲ್ಲ." ಎಸ್ತೆರ್ ಬಾಯಿ ದೇಯಿಯ ಕಡೆ ತಿರುಗಿ ಪ್ರೀತಿಯಿಂದಲೇ ಹೇಳಿದರು: "ಅದರ ಹಿಂದಿನ ಶನಿವಾರ ನಿನ್ನ ಬೋಜನೇ ಬಂದು ಕೊಂಡುಹೋದದ್ದು. 'ಅಮ್ಮನಿಗೆ ಜ್ವರ, ನಿಮ್ಮ ಮನೆ ಅವಳ ಕೈತಪ್ಪಬಾರದು ಬಾಯಮ್ಮ, ಈ ವಾರ ನಾನು ಮಾಡಿ ಕೊಡ್ತೇನೆ' ಎಂದ. ಮಂಗಳವಾರ ಬೆಳಿಗ್ಗೆ ಇಸ್ತ್ರಿ ಮಾಡಿ ತಂದುಕೊಟ್ಟ, ಮುಟ್ಟಿದರೆ ಇನ್ನೂ ಬೆಚ್ಚಗೆ. ಅವತ್ತೇ ಸಂಜೆ ಅವನನ್ನು ಹಿಡಿದದ್ದು. ನಿನಗೆ ಹೇಳಲಿಲ್ಲವಾ ಅವನು? ಅಂಥ ಒಳ್ಳೆಯ ಹುಡುಗ. ನಾನು ದಿನಾ ಪ್ರಾರ್ಥನೆ ಮಾಡ್ತೇನೆ."

ನಾನು ಕೋಟನ್ನು ಮತ್ತೊಮ್ಮೆ ಬಿಡಿಸಿ ನೋಡಿದೆ.

ಮಡಿವಾಳರ ಮನೆಗೆ ಬಂದ ಬಟ್ಟೆ ಒಂದು ದಿನ ಅಲ್ಲಿಯವರ ಮೈಯೇರುವುದು ಊರಿಗೆಲ್ಲ ಗೊತ್ತಿರುವ, ಯಾರೂ ಬಾಯಿಬಿಟ್ಟು ಆಡದ ಸಂಗತಿ. ನನ್ನದೇ ಪಟ್ಟೆ ಅಂಗಿಯನ್ನು ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಕಂಡು ನಾನು ಬೇರೆ ಕಡೆ ಮುಖ ಮಾಡಿದ್ದೇನೆ. ಚಳಿಗೆ ಅಂಗಿಯ ಮೇಲೊಂದು ಕೋಟು, ಅದರ ಮೇಲೆ ಗೋಣಿ ಕೊಪ್ಪೆ. ಬೋಜನ ಅಂಗಿಯ ಎದೆ ಯಾಕೆ ಸ್ವಚ್ಛ ಇತ್ತು ಎಂದು ಹತ್ತು ದಿನ ತಲೆ ಕೆರೆದುಕೊಂಡೆನಲ್ಲ, ಉತ್ತರ ನನ್ನ ಕೈಯಲ್ಲೇ ಇತ್ತು. ಎಣ್ಣೆ ಕುಡಿದದ್ದು ಕೋಟು. ತಾಯಿಯ ಕಸುಬನ್ನು ಅರ್ಧಕ್ಕೆ ಬಿಟ್ಟು ಹಮಾಲಿಯಾದವನೇ ಅದನ್ನು ಒಗೆಯದೆ ಒತ್ತಿ ಒಣಗಿಸಿದವನು.

ಅದನ್ನು ಬಾಳೆಲೆಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು, ಪೊಲೀಸರ ಮೇಜಿನ ಮೇಲೆ ತಂದಿಟ್ಟವಳು ಅವನ ತಾಯಿ.

ನನಗೆ ಅವಳ ಮುಖ ನೋಡಲಾಗಲಿಲ್ಲ. ಈ ಕೆಲಸ ಬಿಟ್ಟು ಎಲ್ಲಾದರೂ ತೆಂಗಿನ ಸಿಪ್ಪೆ ಸುಲಿದು ಬದುಕುತ್ತೇನೆ ಎಂದು ಅನಿಸಿತು. ಎಸ್ತೆರ್ ಬಾಯಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ, ಮಾಸ್ಟ್ರಿಗೆ ಆಗಿತ್ತು. ಅವರು ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಗೆದ್ದವರು ಹಾಗೆ ಕೂರುವುದಿಲ್ಲ.

"ದೇಯಿ," ಎಂದೆ. "ನೀನು ಮನೆಗೆ ಹೋಗು. ಕೋಟು ನನ್ನ ಹತ್ತಿರ ಇರಲಿ."

ಅವಳು ಹೋಗಲಿಲ್ಲ. ಕಾಫಿಯ ಲೋಟವನ್ನು ಮೆಟ್ಟಿಲ ಮೇಲೆ ಇಟ್ಟಳು. ಒಂದು ತೊಟ್ಟೂ ಕುಡಿದಿರಲಿಲ್ಲ.

"ಬರೆದುಕೊಳ್ಳಿ ಧನಿಗಳೇ."

"ಎಂತ ಬರೆಯುವುದು?"

"ಆ ಸೋಮವಾರ ಈ ಕೋಟು ಹಾಕಿದ್ದು ನಾನು."

ಬೂಬ ನಕ್ಕುಬಿಟ್ಟ. ನಾನು ಕಣ್ಣಲ್ಲೇ ಅವನ ಬಾಯಿ ಮುಚ್ಚಿಸಿದೆ.

"ಜ್ವರ ಬಂದು ಕೊಟ್ಟಾರದಲ್ಲಿ ಬಿದ್ದಿದ್ದೆ ಎಂದವಳು ನೀನೇ."

"ಮಧ್ಯಾಹ್ನ ಬಿಟ್ಟಿತ್ತು. ಅಕ್ಕ ಮಲಗಿದ್ದಳು, ಎದ್ದು ನಡೆದು ಬಂದೆ. ಬೋಜ ಮನೆಯಲ್ಲಿ ಇರಲಿಲ್ಲ. ಚಳಿ ತಡೆಯಲಿಲ್ಲ, ಗಂಟಿನಲ್ಲಿದ್ದ ಕೋಟು ಹಾಕಿದೆ. ಮೇಲೆ ಮಗನ ಗೋಣಿ ಕೊಪ್ಪೆ. ಆ ವಿಲ್ಲಿ ಶುಕ್ರವಾರ ಹತ್ತು ಹಮಾಲಿಗಳ ಎದುರು ನನ್ನ ಮಗನ ಕೆನ್ನೆಗೆ ಬಾರಿಸಿದ್ದ. ಯಾಕೆ ಬಾರಿಸಿದ್ದು ಎಂದು ಕೇಳಲಿಕ್ಕೆ ಹೋದೆ. ನನಗೂ ಬಾರಿಸಲಿಕ್ಕೆ ಬಂದ."

"ಮಾಸ್ಟ್ರು ಬೋಜನನ್ನು ಕಂಡಿದ್ದಾರೆ."

"ಅವರು ಕಂಡದ್ದು ಕೊಪ್ಪೆಯನ್ನು. ಅರ್ಧ ಮುಖ ಎಂದರು. ನನ್ನ ಅರ್ಧ ಮುಖ, ನನ್ನ ಮಗನ ಅರ್ಧ ಮುಖ, ಮಳೆಯಲ್ಲಿ ವ್ಯತ್ಯಾಸ ಹೇಳಿ ನೋಡುವಾ. ನಡಿಗೆ ಅವನಿಗೆ ನನ್ನಿಂದಲೇ ಬಂದದ್ದು."

ಮಾಸ್ಟ್ರು ಕೈ ಸರಿಸಿ ಅವಳನ್ನು ನೋಡಿದರು. ಅವರ ಮುಖದಲ್ಲಿ ಬಂದ ಸಂಶಯ ನನಗೆ ಹಿಡಿಸಲಿಲ್ಲ.

"ಸುಳ್ಳು ಹೇಳಬೇಡ," ಎಂದೆ. ಸ್ವರ ನನಗೇ ಗೊತ್ತಾಗದೆ ಏರಿತ್ತು. "ಒಗೆಯದ ಬಟ್ಟೆಗೆ ಪೆಟ್ಟಿಗೆ ಮುಟ್ಟಿಸುವುದಿಲ್ಲ ಎಂದೆಯಲ್ಲ?"

"ಕೈ ನಡುಗುವಾಗ ಎಂತ ಕಸುಬು ಧನಿಗಳೇ? ರಾತ್ರಿ ಒತ್ತಿಟ್ಟು ಕೊಟ್ಟಾರಕ್ಕೆ ವಾಪಸು ಹೋದೆ. ಬೆಳಿಗ್ಗೆ ಅವನು ಪಾಪ, ಕೆಲಸ ಆಗಿದೆ ಎಂದು ತಂದುಕೊಟ್ಟ."

"ನೀನೇ ಮಾಡಿದ್ದಾದರೆ ಈ ಕೋಟನ್ನು ನನ್ನ ಹತ್ತಿರ ಯಾಕೆ ತಂದೆ?"

"ಪೊರ್ಬುಗಳ ತಲೆಗೆ ಕಟ್ಟುವಾ ಎಂದು." ಅವಳು ಮಾಸ್ಟ್ರ ಕಡೆ ನೋಡದೆ ಹೇಳಿದಳು. "ಆಗಲಿಲ್ಲ."

ಎಲ್ಲಕ್ಕೂ ಉತ್ತರ ಇತ್ತು. ಸುಳ್ಳಿನಲ್ಲಿ ಪಳಗಿದ ವಕೀಲರೂ ಇಷ್ಟು ಬೇಗ ಹೆಣೆಯಲಾರರು. ಆದರೂ ನಾನು ನಂಬಲಿಲ್ಲ. ಮಗನ ಕೊರಳಿನ ಹಗ್ಗ ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಳ್ಳುವ ತಾಯಂದಿರನ್ನು ನಾನು ಮೊದಲೂ ಕಂಡಿದ್ದೇನೆ, ಮನೆಗೆ ಕಳಿಸಿಕೊಟ್ಟಿದ್ದೇನೆ. ಇವಳನ್ನೂ ಕಳಿಸಲು ಎದ್ದೆ.

"ಬೂಬ, ಇವಳನ್ನು ಕುದ್ರೋಳಿಗೆ ಬಿಟ್ಟು ಬಾ."

"ಯಾವುದರಿಂದ ಹೊಡೆದದ್ದು ಎಂದು ನೀವು ಕೇಳಲೇ ಇಲ್ಲ," ಎಂದಳು ದೇಯಿ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಓದುವ ನಿಮ್ಮಿಂದಲೂ ನಾನು ಇದನ್ನು ಮುಚ್ಚಿಟ್ಟಿದ್ದೆ, ಬೈಯಬೇಡಿ. ಗೋದಾಮಿನಿಂದ ಒಂದು ವಸ್ತು ಕಾಣೆಯಾಗಿತ್ತು. ಭರಣಿಯಿಂದ ಎಣ್ಣೆ ತೋಡುವ ಉದ್ದ ಹಿಡಿಯ ಕಬ್ಬಿಣದ ಸೌಟು. ಯಾವ ಕಾಗದದಲ್ಲೂ ಅದನ್ನು ಬರೆಯಲು ನಾನು ಬಿಟ್ಟಿರಲಿಲ್ಲ. ಗೊತ್ತಿದ್ದದ್ದು ಮೂವರಿಗೆ: ನನಗೆ, ಬೂಬನಿಗೆ, ಅಹ್ಮದ್ ಬಾವರಿಗೆ. ಬೋಜನನ್ನು ಒಂಬತ್ತು ದಿನ ಕೇಳಿದರೂ ಅವನ ಬಾಯಿಂದ 'ನಾನಲ್ಲ' ಎಂಬುದರ ಆಚೆ ಒಂದಕ್ಷರ ಬಂದಿರಲಿಲ್ಲ.

"ಯಾವುದರಿಂದ?" ಎಂದೆ.

"ಸೌಟು. ಉದ್ದ ಹಿಡಿಯದ್ದು, ಕಬ್ಬಿಣದ್ದು." ದೇಯಿ ನೆನೆದ ಸೆರಗನ್ನು ಹಿಂಡಿ ಹೆಗಲಿಗೆ ಹಾಕಿಕೊಂಡಳು. "ನಮ್ಮ ಉಬ್ಬೆಯ ಒಲೆ ಉಂಟಲ್ಲ, ಅದರ ಬೂದಿ ತೆಗೆದು ಒಂದು ಮೊಳ ಅಗೆಯಿರಿ. ನಾನೇ ಹೂತಿಟ್ಟದ್ದು. ಈಗ ನನ್ನ ಮಗನನ್ನು ಬಿಡಿ."